ಸಿಂಹಳದ ದಾರಿಯಲ್ಲೊಂದು ಕುಟುಂಬ ಪ್ರವಾಸ

ವೈಶಾಖ ಮಾಸವು ನಮ್ಮವರಿಗೆ ವಿಶೇಷವಾದುದು. ಶುಕ್ಲ ಪಕ್ಷದ ತದಿಗೆಯಂದು ನಾವು ಬಸವ ಜಯಂತಿಯನ್ನು ಆಚರಿಸುತ್ತೇವೆ. ಅದೇ ಪಕ್ಷದ ಹುಣ್ಣಿಮೆಯಂದು ನೆರೆಯ ಶ್ರೀಲಂಕೆಯ ಬೌದ್ಧರ ಮನೆಮನೆಯ ಮುಂದೆ ಕಾಗದದ ಗೂಡುದೀಪಗಳು ಬೆಳಗುತ್ತವೆ. ಬುದ್ಧನ ಜನನ, ಜ್ಞಾನೋದಯ ಮತ್ತು ಪರಿನಿರ್ವಾಣಗಳ ನೆನಪಿನ ಆ ಹಬ್ಬವನ್ನು ಅವರು ‘ವೆಸಾಕ್’ ಎನ್ನುತ್ತಾರೆ. ವೈಶಾಖವೆಂಬ ಹೆಸರೇ ಅವರ ಬಾಯಲ್ಲಿ ಹಾಗೆ ಸವೆದು ನಿಂತಿದೆ. 2025ರಲ್ಲಿ ಬಸವ ಜಯಂತಿಯು ಏಪ್ರಿಲ್ 30ರಂದೂ ವೆಸಾಕ್ ಮೇ 12ರಂದೂ ಬಂದಿದ್ದವು. ಊರಿನ ಉತ್ಸವವನ್ನು ಮುಗಿಸಿಕೊಂಡು, ಮಕ್ಕಳ ಬೇಸಿಗೆಯ ರಜೆಯಲ್ಲಿ ನಾವು ಐದು ಜನ, ಎಂದರೆ ಎಪ್ಪತ್ತೆರಡು ವರುಷದ ಅತ್ತೆಯವರು, ನಮ್ಮವರು, ಇಬ್ಬರು ಮಕ್ಕಳು ಮತ್ತು ನಾನು, ಎಂಟು ದಿನಗಳ ಕಾಲ ಆ ದ್ವೀಪವನ್ನು ರಸ್ತೆಯ ಮೇಲೆಯೇ ಸುತ್ತಿ ಬಂದೆವು.

ಶ್ರೀಲಂಕೆಯ ವಿಸ್ತೀರ್ಣ ಸುಮಾರು 65,600 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಮೂರನೆಯ ಒಂದು ಭಾಗದಷ್ಟು. ಇಷ್ಟು ಚಿಕ್ಕ ನಾಡಿನಲ್ಲಿ ಸಮುದ್ರತೀರ, ಒಣ ಕುರುಚಲು ಕಾಡು, ಮಳೆಕಾಡು, ಆರು ಸಾವಿರ ಅಡಿಗಳೆತ್ತರದ ಚಹದ ಬೆಟ್ಟಗಳು ಎಲ್ಲವೂ ಉಂಟು. ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಭಾಗದಲ್ಲಿಯೇ ಚಲಿಸುತ್ತವೆ. ಆದರೂ ಅಪರಿಚಿತ ದೇಶದಲ್ಲಿ ತಾವೇ ವಾಹನ ನಡೆಸುವುದಕ್ಕಿಂತ ಚಾಲಕನ ಸಮೇತ ವ್ಯಾನನ್ನು ಗೊತ್ತುಮಾಡಿಕೊಳ್ಳುವುದು ಲೇಸು. ನಮಗೆ ದೊರೆತ ಚಾಲಕರು ಐವತ್ತು ದಾಟಿದ ಸಿಂಹಳ ಗೃಹಸ್ಥರು. ಇಂಗ್ಲಿಷನ್ನೂ ಒಂದಿಷ್ಟು ತಮಿಳನ್ನೂ ಬಲ್ಲವರು. ಅತ್ತೆಯವರನ್ನು ಮೊದಲ ದಿನದಿಂದಲೇ ‘ಅಮ್ಮೆ’ ಎಂದು ಕರೆಯತೊಡಗಿದರು. ಸಿಂಹಳದಲ್ಲಿ ಅಮ್ಮೆ ಎಂದರೆ ಅಮ್ಮನೇ ಎಂದು ತಿಳಿದ ಮೇಲೆ ಅತ್ತೆಯವರ ಅರ್ಧ ಅಳುಕು ಕಳೆಯಿತು.

ಪರದೇಶದ ಪ್ರವಾಸವೆಂದರೆ ನಿತ್ಯದ ಆಚರಣೆಗೆ ಅಡ್ಡಿಯಾದೀತೆಂದು ನಮ್ಮ ಹಿರಿಯರು ಅಂಜುವುದುಂಟು. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವರಿಗೆ ಗುಡಿಯನ್ನು ಹುಡುಕುವ ಪ್ರಮೇಯವೇ ಇಲ್ಲ. ಒಂದು ತಂಬಿಗೆ ನೀರು, ವಿಭೂತಿ, ಕುಳಿತುಕೊಳ್ಳಲು ಒಂದು ಶುಚಿಯಾದ ಮೂಲೆ ಸಾಕು. ಕಾಡಿಗೆ ಹೋಗುವ ದಿನ ನಸುಕಿನಲ್ಲಿಯೇ ಹೊರಡಬೇಕಾದುದರಿಂದ ಅತ್ತೆಯವರು ನಾಲ್ಕಕ್ಕೇ ಎದ್ದು ಪೂಜೆ ಮುಗಿಸುತ್ತಿದ್ದರು. ಎಂಟು ದಿನಗಳಲ್ಲಿ ಒಂದು ದಿನವೂ ಅದು ತಪ್ಪಲಿಲ್ಲ.

ಬೇಟೆ ನಿಂತ ಬೆಟ್ಟ

ಕಟುನಾಯಕೆಯ ವಿಮಾನ ನಿಲ್ದಾಣದಿಂದ ನಾವು ನೇರವಾಗಿ ಉತ್ತರಕ್ಕೆ, ಪ್ರಾಚೀನ ರಾಜಧಾನಿಯಾದ ಅನುರಾಧಪುರಕ್ಕೆ ಹೋದೆವು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯ ಮಗಳು ಸಂಘಮಿತ್ರೆಯು ಬೋಧಗಯೆಯಿಂದ ತಂದಳೆನ್ನುವ ಅರಳಿಯ ಶಾಖೆಯು ಅಲ್ಲಿ ಇಂದಿಗೂ ಮರವಾಗಿ ನಿಂತಿದೆ. ಮನುಷ್ಯರು ನೆಟ್ಟು ಕಾಪಾಡಿದ, ನೆಟ್ಟ ಕಾಲವು ದಾಖಲಾಗಿರುವ ಮರಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಪ್ರತೀತಿ.

ಅಲ್ಲಿಂದ ಪೂರ್ವಕ್ಕೆ ಹನ್ನೆರಡು ಕಿಲೋಮೀಟರಿನಷ್ಟು ದೂರದಲ್ಲಿ ಮಿಹಿಂತಲೆಯೆಂಬ ಬೆಟ್ಟವಿದೆ. ತುದಿಗೆ 1,840 ಮೆಟ್ಟಿಲುಗಳೆಂದು ಲೆಕ್ಕ. ವೃದ್ಧರಿಗಾಗಿ ಬೆಟ್ಟದ ನಡುವಿನವರೆಗೆ ವಾಹನ ಹೋಗುವ ದಾರಿಯೂ ಉಂಟು. ದೇವಾನಾಂಪ್ರಿಯ ತಿಸ್ಸನೆಂಬ ಅರಸನು ಜಿಂಕೆಯೊಂದನ್ನು ಬೆನ್ನಟ್ಟಿ ಈ ಬೆಟ್ಟಕ್ಕೆ ಬಂದನಂತೆ. ಆಗ ಅಶೋಕನ ಮಗ, ಭಿಕ್ಷು ಮಹೇಂದ್ರನು ಅವನನ್ನು ಹೆಸರು ಹಿಡಿದು ಕರೆದು ನಿಲ್ಲಿಸಿದನು. ನೆಲದ ಮೇಲೆ ಪ್ರಾಣಿಪಕ್ಷಿಗಳಿಗೂ ಮನುಷ್ಯನಷ್ಟೇ ಹಕ್ಕಿದೆ, ಅರಸನು ಅದರ ಒಡೆಯನಲ್ಲ, ಕಾವಲುಗಾರ ಮಾತ್ರ ಎಂಬ ಅರ್ಥದ ಉಪದೇಶವನ್ನು ಮಾಡಿದನೆಂದು ಅಲ್ಲಿಯ ಪರಂಪರೆ ಹೇಳುತ್ತದೆ. ಅರಸನು ಬಿಲ್ಲನ್ನು ಕೆಳಗಿಟ್ಟನು. ಬೆಟ್ಟದ ಸುತ್ತಲಿನ ಕಾಡು ಅಭಯಾರಣ್ಯವಾಯಿತು. ಜಗತ್ತಿನ ಮೊದಲನೆಯ ಅಭಯಾರಣ್ಯವೇ ಇದು ಎಂದು ಸಿಂಹಳರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಪ್ರಾಣಿಗಳ ರಕ್ಷಣೆಯನ್ನು ಸರಕಾರದ ಕಾಯಿದೆಯೆಂದಷ್ಟೇ ತಿಳಿದಿದ್ದ ಮಕ್ಕಳಿಗೆ, ಅದು ಇಷ್ಟು ಹಳೆಯ ಧರ್ಮವಿಚಾರವೂ ಹೌದೆಂಬುದು ಹೊಸ ಸಂಗತಿಯಾಗಿತ್ತು.

ಕೆರೆಗಳ ನಾಡು

ದ್ವೀಪದ ಉತ್ತರ ಮತ್ತು ಪೂರ್ವ ಭಾಗಗಳು ಮಳೆ ಕಡಿಮೆಯಿರುವ ಒಣಭೂಮಿ. ಅಲ್ಲಿಯ ಬದುಕೆಲ್ಲ ಕೆರೆಗಳ ಮೇಲೆ ನಿಂತಿದೆ. ಮೂರನೆಯ ಶತಮಾನದ ಕೊನೆಯಲ್ಲಿ ಮಹಾಸೇನನೆಂಬ ಅರಸನು ಕಟ್ಟಿಸಿದ ಮಿನ್ನೇರಿಯ ಕೆರೆಯು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿದೆ. ಪೊಲೊನ್ನರುವದಲ್ಲಿ ಸಮುದ್ರವೆಂದೇ ಹೆಸರು ಪಡೆದ ವಿಶಾಲವಾದ ಪರಾಕ್ರಮ ಸಮುದ್ರವಿದೆ. ಅದನ್ನು ಕಟ್ಟಿಸಿದ ಪರಾಕ್ರಮಬಾಹು ಆಳಿದ್ದು 1153ರಿಂದ 1186ರವರೆಗೆ. ಕಲ್ಯಾಣದಲ್ಲಿ ಅನುಭವ ಮಂಟಪವಿದ್ದುದೂ, ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕೆರೆ ತೋಡಿಸಿದ್ದೂ ಅದೇ ಹನ್ನೆರಡನೆಯ ಶತಮಾನದಲ್ಲಿ. ಮಳೆಯ ಒಂದು ಹನಿಯೂ ಪ್ರಜೆಗಳಿಗೆ ಉಪಯೋಗವಾಗದೆ ಕಡಲು ಸೇರಬಾರದೆಂಬುದು ಆ ಅರಸನ ಸಂಕಲ್ಪವಾಗಿತ್ತು. ನಮ್ಮ ಶರಣರು ಕೆರೆಯ ಕೆಲಸವನ್ನು ಲೋಕಸೇವೆಯ ಕಾಯಕವೆಂದು ಬಗೆದರು. ಸಾವಿರ ಕಿಲೋಮೀಟರಿನಷ್ಟು ದೂರದ ಎರಡು ಒಣನಾಡುಗಳಿಗೆ ಒಂದೇ ಕಾಲದಲ್ಲಿ ಒಂದೇ ವಿವೇಕ ಹೊಳೆದುದನ್ನು ನೆನೆದಾಗ ಸಂತೋಷವಾಯಿತು.

ಮನುಷ್ಯರಿಗಾಗಿ ಕಟ್ಟಿದ ಈ ಕೆರೆಗಳು ಕಾಡುಪ್ರಾಣಿಗಳಿಗೂ ಆಸರೆಯಾಗಿವೆ. ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಮಿನ್ನೇರಿಯ ಕೆರೆಯ ನೀರು ಇಳಿದು ಅಂಚಿನಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಸುತ್ತಣ ಕಾಡುಗಳ ಆನೆಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿ ಕೂಡುತ್ತವೆ. ನಾವು ಹೋದುದು ಮೇ ತಿಂಗಳು. ಹದಿನೇಳು ಆನೆಗಳ ಒಂದು ಹಿಂಡು ಮಾತ್ರ ಕಣ್ಣಿಗೆ ಬಿತ್ತು. ಮಕ್ಕಳಿಗೆ ಅಷ್ಟೇ ಧಾರಾಳವಾಗಿತ್ತು. ಶ್ರೀಲಂಕೆಯ ಗಂಡಾನೆಗಳಲ್ಲಿ ದಂತವಿರುವುವು ನೂರಕ್ಕೆ ಹತ್ತಕ್ಕಿಂತಲೂ ಕಡಿಮೆ. ಬಂಡೀಪುರದ ದಂತದಾನೆಗಳನ್ನು ನೋಡಿ ಬಲ್ಲ ಮಗನು ಎಲ್ಲವನ್ನೂ ಹೆಣ್ಣಾನೆಯೆಂದೇ ಎಣಿಸತೊಡಗಿದ್ದನು. ಚಾಲಕರು ಭೇದವನ್ನು ತೋರಿಸಿಕೊಟ್ಟರು.

ಪ್ರಾಣಿಗಳನ್ನು ಕಾಣಲು ಅಲ್ಲಿ ಕಾಡಿಗೇ ಹೋಗಬೇಕೆಂದಿಲ್ಲ. ರಸ್ತೆಯ ಬದಿಯ ವಿದ್ಯುತ್ ಕಂಬದ ಮೇಲೆ ನವಿಲು. ಆ ದ್ವೀಪದಲ್ಲಲ್ಲದೆ ಬೇರೆಲ್ಲಿಯೂ ಇಲ್ಲದ ಟೋಪಿಗೂದಲಿನ ಕೆಂಗಪ್ಪು ಮಂಗ. ಅವರ ರಾಷ್ಟ್ರಪಕ್ಷಿಯಾದ ಕಿತ್ತಳೆ ಬಣ್ಣದ ಕಾಡುಕೋಳಿ. ಒಂದೆಡೆ ಆರಡಿ ಉದ್ದದ ನೀರುಡವೊಂದು ಆತುರವಿಲ್ಲದೆ ರಸ್ತೆ ದಾಟುತ್ತಿತ್ತು. ಅದಕ್ಕೆ ಅಲ್ಲಿ ಕಬರಗೊಯ ಎಂದು ಹೆಸರು. ಎರಡೂ ಕಡೆಯ ವಾಹನಗಳು ಹಾರ್ನ್ ಹಾಕದೆ ನಿಂತು ಕಾದವು.

ಚಹದ ಬೆಟ್ಟಗಳಲ್ಲಿ

ಕ್ಯಾಂಡಿಯಿಂದ ನುವರ ಎಲಿಯದ ಕಡೆಗೆ ರಸ್ತೆ ಸುತ್ತಿ ಸುತ್ತಿ ಏರುತ್ತದೆ. ಈ ಬೆಟ್ಟಗಳಲ್ಲಿ ಮೊದಲು ಇದ್ದುದು ಕಾಫಿ. 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗವು ಕೆಲವೇ ವರ್ಷಗಳಲ್ಲಿ ಆ ತೋಟಗಳನ್ನು ನಾಶಮಾಡಿತು. ಅದಕ್ಕೆ ಎರಡು ವರ್ಷ ಮೊದಲು ಜೇಮ್ಸ್ ಟೇಲರ್ ಎಂಬಾತನು ಲೂಲಕಂದೂರ ತೋಟದಲ್ಲಿ ಹತ್ತೊಂಬತ್ತು ಎಕರೆ ಚಹ ನೆಟ್ಟಿದ್ದನು. ಅಲ್ಲಿಂದ ಮುಂದೆ ಚಹವೇ ಬೆಟ್ಟವನ್ನು ವ್ಯಾಪಿಸಿತು. ಎಲೆ ಬಿಡಿಸಲು ತಮಿಳುನಾಡಿನಿಂದ ಬಂದವರ ಮರಿಮಕ್ಕಳೇ ಇಂದಿಗೂ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಇಳಿಜಾರಿನಲ್ಲಿ ನಿಂತಿರುತ್ತಾರೆ. ನಾವು ಗುಟುಕರಿಸುವ ಒಂದು ಬಟ್ಟಲು ಚಹದ ಹಿಂದೆ ಎಷ್ಟು ಬೆನ್ನುಗಳ ದುಡಿಮೆಯಿದೆಯೆಂಬುದನ್ನು ಮಕ್ಕಳಿಗೆ ಹೇಳಿಕೊಡಲು ಅದಕ್ಕಿಂತ ತಕ್ಕ ಸ್ಥಳವಿಲ್ಲ.

ಆ ತೋಟಗಳ ನಡುವಣ ಚೂರುಪಾರು ಕಾಡಿನಲ್ಲಿ ಚಿರತೆಗಳು ಬಾಳುತ್ತವೆ. ಹುಲಿ ಸಿಂಹಗಳಿಲ್ಲದ ಆ ನಾಡಿನಲ್ಲಿ ಚಿರತೆಯೇ ಕಾಡಿನ ದೊರೆ. ಆದರೆ ಕಾಡುಹಂದಿಗೆಂದು ಒಡ್ಡಿದ ತಂತಿಯ ಉರುಳಿಗೆ ಸಿಕ್ಕಿ ಅವು ಸಾಯುವುದುಂಟು. 2020ರ ಮೇ ತಿಂಗಳಲ್ಲಿ ನಲ್ಲತಣ್ಣಿಯ ಬಳಿ ಹೀಗೆ ಸಿಕ್ಕಿಬಿದ್ದ ಅಪರೂಪದ ಕರಿಯ ಚಿರತೆಯೊಂದು ಚಿಕಿತ್ಸೆಯ ನಂತರವೂ ಉಳಿಯಲಿಲ್ಲ. ಒಂದಕ್ಕೆಂದು ಒಡ್ಡಿದ್ದು ಇನ್ನೊಂದರ ಕೊರಳಿಗೆ ಬೀಳುವ ಈ ಮಾತು ಎರಡು ದಿನಗಳ ಮೇಲೆ ಮತ್ತೆ ನೆನಪಾಗಬೇಕಾಯಿತು.

ಬುತ್ತಲದ ರಸ್ತೆಯಲ್ಲಿ

ವೆಸಾಕ್ ಹುಣ್ಣಿಮೆಯ ದಿನ ನಾವು ಬೆಟ್ಟವಿಳಿದು ಎಲ್ಲ, ವೆಲ್ಲವಾಯಗಳ ಮೂಲಕ ದಕ್ಷಿಣದ ಬಯಲಿಗೆ ಬಂದೆವು. ಬುತ್ತಲದಿಂದ ಕತರಗಾಮಕ್ಕೆ ಹೋಗುವ ರಸ್ತೆಯು ಯಾಲ ಕಾಡಿನ ಅಂಚಿನಲ್ಲಿ ಸಾಗುತ್ತದೆ. ಕತರಗಾಮವು ಸ್ಕಂದನ ಕ್ಷೇತ್ರ. ಹಿಂದೂಗಳು, ಬೌದ್ಧರು, ಮುಸಲ್ಮಾನರು, ಆದಿವಾಸಿಗಳಾದ ವೆದ್ದರು ಎಲ್ಲರೂ ಅಲ್ಲಿಗೆ ನಡೆದುಕೊಳ್ಳುತ್ತಾರೆ. ಹಾಗಾಗಿ ಆ ರಸ್ತೆಯಲ್ಲಿ ಯಾತ್ರಿಕರ ಓಡಾಟ ಹೆಚ್ಚು.

ಕಾಡಿನ ದಾರಿಯಲ್ಲಿ ಸ್ವಲ್ಪ ಸಾಗಿದ ಮೇಲೆ ರಸ್ತೆಯ ನಟ್ಟನಡುವೆ ಒಂದು ಒಂಟಿ ಗಂಡಾನೆ ನಿಂತಿತ್ತು. ನಮ್ಮ ಮುಂದಿನ ವಾಹನದವರು ಕಿಟಕಿಯಿಂದ ಹಣ್ಣು ನೀಡಿದರು. ಆನೆಯು ಅದನ್ನು ತೆಗೆದುಕೊಂಡು ಪಕ್ಕಕ್ಕೆ ಸರಿಯಿತು. ಸುಂಕ ತೆತ್ತ ಗಾಡಿಯಂತೆ ಆ ವಾಹನ ಮುಂದೆ ಹೋಯಿತು. ಬಳಿಕ ಅದು ನಮ್ಮತ್ತ ತಿರುಗಿತು. ಚಾಲಕರು ಗಾಜುಗಳನ್ನೇರಿಸಿ, ವ್ಯಾನನ್ನು ನಿಧಾನವಾಗಿ ಹಿಂದಕ್ಕೆ ಸರಿಸಿ ದೂರದಲ್ಲಿ ನಿಲ್ಲಿಸಿದರು.

ಅತ್ತೆಯವರ ಮಡಿಲಿನಲ್ಲಿ ವೆಲ್ಲವಾಯದಲ್ಲಿ ಕೊಂಡ ಎರಡು ಚಿಪ್ಪು ಬಾಳೆಹಣ್ಣು ಇದ್ದವು. ಮನೆಯಲ್ಲಿ ಆಕಳಿಗೆ ಮೊದಲ ರೊಟ್ಟಿಯನ್ನು ತೆಗೆದಿಡದೆ ಉಣ್ಣದವರು ಅವರು. “ಬಾಯಿಲ್ಲದ ಜೀವ ಎದುರಿಗೆ ಬಂದು ನಿಂತಿದೆ. ಕೈಯಲ್ಲಿ ಹಣ್ಣಿಟ್ಟುಕೊಂಡು ಇಲ್ಲವೆನ್ನುವುದು ಹೇಗೆ?” ಎಂದು ಕೇಳಿದರು. ನಮ್ಮವರು ಅದನ್ನು ಚಾಲಕರಿಗೆ ತಿಳಿಸಿದರು. ಅವರು ಆನೆಯ ಮೇಲಿನ ದೃಷ್ಟಿಯನ್ನು ತೆಗೆಯದೆಯೇ ಹೇಳಿದರು: “ಅಮ್ಮೆ, ಅದು ಹಸಿದು ಬಂದದ್ದಲ್ಲ, ಕಲಿತು ಬಂದದ್ದು. ಕಲಿಸಿದವರೂ ಪುಣ್ಯಕ್ಕೆಂದೇ ಕೊಟ್ಟವರು.”

ಆಮೇಲೆ ಅವರು ವಿವರಿಸಿದುದರ ಸಾರ ಇಷ್ಟು: ಯಾತ್ರಿಕರು ಭಕ್ತಿಯಿಂದ ಹಣ್ಣು ಕೊಡುತ್ತ ಬಂದಂತೆ ಕೆಲವು ಆನೆಗಳು ರಸ್ತೆಗೆ ಬಂದು ನಿಲ್ಲುವುದನ್ನು ರೂಢಿ ಮಾಡಿಕೊಂಡವು. ಕೊಡದ ವಾಹನದ ಗಾಜನ್ನು ಒಡೆದು ಸೊಂಡಿಲನ್ನು ಒಳಗಿಡುವ ಆನೆಯಿದೆ. ಅದರಿಂದ ಜನರಿಗೆ ಪೆಟ್ಟಾದರೆ ಆನೆಗೆ ಪುಂಡನೆಂಬ ಹೆಸರು ಬರುತ್ತದೆ. ಹಣ್ಣಿನ ರುಚಿ ಹತ್ತಿದ ಆನೆಯು ತೋಟಕ್ಕೂ ಮನೆಯಂಗಳಕ್ಕೂ ನುಗ್ಗುತ್ತದೆ. ಅಲ್ಲಿ ಅದಕ್ಕೆ ಗುಂಡು ಕಾದಿರುತ್ತದೆ, ಇಲ್ಲವೇ ಮನೆಯ ವಿದ್ಯುತ್ತನ್ನೇ ಹರಿಸಿದ ತಂತಿ. ಇವೆಲ್ಲಕ್ಕಿಂತ ಘೋರವಾದುದು ‘ಹಕ್ಕ ಪಟಸ್’. ಕುಂಬಳ, ಸೌತೆಗಳ ಒಳಗೆ ಸಿಡಿಮದ್ದನ್ನಿಟ್ಟು ಹಂದಿಗೆಂದು ಒಡ್ಡುವ ಉಪಾಯವದು. ಆನೆ ಅದನ್ನು ಕಚ್ಚಿದರೆ ದವಡೆ ಛಿದ್ರವಾಗಿ, ತಿನ್ನಲಾರದೆ ದಿನಗಟ್ಟಲೆ ನರಳಿ ಸಾಯುತ್ತದೆ. ಮನುಷ್ಯರ ಕೈಯ ಹಣ್ಣನ್ನು ನಂಬಲು ಕಲಿಸುವುದೆಂದರೆ ಅದನ್ನು ಈ ಮರಣದ ಹಾದಿಗೆ ಹಚ್ಚಿದಂತೆ. ಆ ಕಾರಣದಿಂದ ಕಾಡಾನೆಗಳಿಗೆ ತಿನಿಸು ಕೊಡುವುದು ಅಲ್ಲಿ ನಿಷಿದ್ಧ.

ಅಂಕಿಅಂಶಗಳೂ ಇದನ್ನೇ ಹೇಳುತ್ತವೆ. 2011ರ ಗಣತಿಯಲ್ಲಿ ಶ್ರೀಲಂಕೆಯಲ್ಲಿದ್ದ ಆನೆಗಳು 5,879. 2023ರ ಒಂದೇ ವರ್ಷದಲ್ಲಿ ನಾನೂರೈವತ್ತಕ್ಕೂ ಹೆಚ್ಚು ಆನೆಗಳು ಸತ್ತವು. ಆನೆಗಳಿಂದ ಸತ್ತ ಜನರು ನೂರೈವತ್ತಕ್ಕೂ ಹೆಚ್ಚು. 2025ರ ಫೆಬ್ರುವರಿಯಲ್ಲಿ ಹಬರಣದ ಬಳಿ ರೈಲು ಬಡಿದು ಕನಿಷ್ಠ ಆರು ಆನೆಗಳು ಒಂದೇ ರಾತ್ರಿ ಪ್ರಾಣ ಬಿಟ್ಟವು. ಸಾಯುವ ಮನುಷ್ಯರೂ ಬಹುಮಟ್ಟಿಗೆ ಬಡ ರೈತರೇ ಎಂಬುದನ್ನು ಮರೆಯಲಾಗದು. ಕೆಲವು ಹಳ್ಳಿಗಳಲ್ಲಿ ರೈತರು ತಾವೇ ಕೂಡಿ, ಪೈರಿರುವಾಗ ಗದ್ದೆಯ ಸುತ್ತ ಸೌಮ್ಯವಾದ ವಿದ್ಯುತ್ ಬೇಲಿಯನ್ನು ಕಟ್ಟಿ, ಕೊಯ್ಲಾದ ಮೇಲೆ ಬಿಚ್ಚುತ್ತಾರೆ. ಬೆಳೆಯೂ ಉಳಿಯುತ್ತದೆ, ಕೂಳೆಯ ಹುಲ್ಲು ಆನೆಗೂ ದೊರೆಯುತ್ತದೆ. ಆಶೆ ಹುಟ್ಟಿಸುವ ಪ್ರಯತ್ನವಿದು.

ಅರ್ಧ ಗಂಟೆಯ ನಂತರ ಆನೆಯು ತಾನಾಗಿಯೇ ಕಾಡಿಗಿಳಿಯಿತು. ಅತ್ತೆಯವರು ಮಾತನಾಡಲಿಲ್ಲ; ಹಣ್ಣು ಮಡಿಲಿನಲ್ಲಿಯೇ ಉಳಿಯಿತು.

ದನ್ಸಲದಲ್ಲಿ ದಾಸೋಹ

ಕತರಗಾಮ ಹತ್ತಿರವಾದಂತೆ ರಸ್ತೆಗೆ ಅಡ್ಡಲಾಗಿ ಧ್ವಜ ಹಿಡಿದ ಹುಡುಗರು ವಾಹನಗಳನ್ನು ತಡೆದು ನಿಲ್ಲಿಸುತ್ತಿದ್ದರು. ಚಂದಾ ಕೇಳಲೆಂದಲ್ಲ, ಊಟ ಮಾಡಿ ಹೋಗಿರೆಂದು! ವೆಸಾಕ್ ದಿನಗಳಲ್ಲಿ ಊರೂರಿನ ಜನ ಸೇರಿ ರಸ್ತೆಬದಿಯಲ್ಲಿ ಹಾಕುವ ಈ ಅನ್ನಛತ್ರಕ್ಕೆ ‘ದನ್ಸಲ’ ಎನ್ನುತ್ತಾರೆ. ನಮ್ಮ ‘ದಾನಶಾಲೆ’ಯ ಮಾತೇ ಅದು. ಜಾತಿ ಮತ ದೇಶಗಳನ್ನು ಕೇಳುವವರಿಲ್ಲ. ಕೂಲಿಯವನೂ ಕಾರಿನವನೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಆ ದಿನಗಳಲ್ಲಿ ಮದ್ಯ ಮಾಂಸಗಳ ಅಂಗಡಿಗಳು ಮುಚ್ಚಿರುತ್ತವೆ. ನಮಗೆ ದೊರೆತುದು ಅನ್ನ, ಬೇಳೆಯ ಸಾರು, ಎಳೆಯ ಹಲಸಿನ ಪಲ್ಯ ಮತ್ತು ಬೆಲ್ಲದ ಪಾನಕ.

ಅತ್ತೆಯವರು ಊಟ ಮಾಡಿ ಎದ್ದವರೇ ವ್ಯಾನಿಗೆ ಹೋಗಿ ಆ ಎರಡು ಚಿಪ್ಪು ಹಣ್ಣುಗಳನ್ನು ತಂದು ಹುಡುಗರ ಕೈಗಿತ್ತರು. ಆಮೇಲೆ ಸೆರಗು ಬಿಗಿದು ಬಡಿಸುವ ಸಾಲಿನಲ್ಲಿ ನಿಂತುಬಿಟ್ಟರು. ಭಾಷೆ ಗೊತ್ತಿಲ್ಲ, ಸೌಟಿಗೆ ಭಾಷೆ ಬೇಕಾಗಿರಲಿಲ್ಲ. ಮೊಮ್ಮಗಳು, “ಅಜ್ಜಿ, ಆನೆಗೆ ಕೊಡದಿದ್ದುದಕ್ಕೆ ಬೇಸರವೇ?” ಎಂದು ಕೇಳಿದಾಗ ಅವರು ಹೇಳಿದ ಮಾತು ಇದು: “ಕೊಟ್ಟರೆ ನನ್ನ ಮನಸ್ಸಿಗೆ ಹಿತವಾಗುತ್ತಿತ್ತು. ಅದಕ್ಕೆ ಹಿತವಾಗುತ್ತಿರಲಿಲ್ಲವಂತೆ. ದಾಸೋಹವೆಂದರೆ ಅವರ ಹಿತ ನೋಡುವುದು, ನನ್ನದನ್ನಲ್ಲ.”

ಯಾಲ ಮತ್ತು ಉಡವಳವೆ

ಯಾಲವು 1900ರಲ್ಲಿ ಅಭಯಾರಣ್ಯವಾಗಿ, 1938ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾದ ಕಾಡು. ಚಿರತೆಗಳು ಅತಿ ಒತ್ತಾಗಿರುವ ಜಗತ್ತಿನ ಕಾಡುಗಳಲ್ಲಿ ಅದೂ ಒಂದು. ಚಿರತೆ ಕಂಡಿತೆಂಬ ಸುದ್ದಿ ಹಬ್ಬಿದೊಡನೆ ಹತ್ತಾರು ಜೀಪುಗಳು ಧೂಳೆಬ್ಬಿಸಿ ಓಡುವುದನ್ನು ಅಲ್ಲಿ ಕಂಡೆವು. ನಮ್ಮ ಜೀಪಿನವರು ಆ ಓಟಕ್ಕೆ ಸೇರಲಿಲ್ಲ. ಅದರಿಂದ ಚಿರತೆ ತಪ್ಪಿತಾದರೂ, ಹಣ್ಣಾಗತೊಡಗಿದ್ದ ಪಾಲು ಮರದಡಿಯಲ್ಲಿ ತಾಯಿ ಕರಡಿಯೊಂದು ಮರಿಯನ್ನು ಬೆನ್ನ ಮೇಲೆ ಹೊತ್ತು ಹಣ್ಣಾಯುವುದು ಕಾಣಿಸಿತು. ನಮ್ಮ ಬಳ್ಳಾರಿ ಸೀಮೆಯ ದರೋಜಿಯ ಕರಡಿಗಳು ಮಕ್ಕಳ ನೆನಪಿಗೆ ಬಂದವು. ಅಲ್ಲಿಯ ಪಟನಂಗಲ ಕಡಲತೀರದಲ್ಲಿ 2004ರ ಡಿಸೆಂಬರ್ 26ರ ಸುನಾಮಿಗೆ ಬಲಿಯಾದವರ ಸ್ಮಾರಕವಿದೆ. ಅಲ್ಲಿ ಕ್ಷಣಕಾಲ ಮೌನವಾಗಿ ನಿಂತೆವು.

ಕೊನೆಯ ನಿಲುಗಡೆ ಉಡವಳವೆ. 1972ರಲ್ಲಿ ಸ್ಥಾಪಿತವಾದ ಆ ಉದ್ಯಾನದ ಮಗ್ಗುಲಲ್ಲಿ 1995ರಿಂದ ಅನಾಥ ಆನೆಮರಿಗಳ ಪಾಲನಾ ಕೇಂದ್ರವೊಂದು ನಡೆಯುತ್ತಿದೆ. ತಾಯಿಯನ್ನು ಕಳೆದುಕೊಂಡ, ಬಾವಿಗೆ ಬಿದ್ದ, ಉರುಳಿನಲ್ಲಿ ಕಾಲು ಗಾಯವಾದ ಮರಿಗಳು ಅಲ್ಲಿಗೆ ಬರುತ್ತವೆ. ಮೂರು ಗಂಟೆಗೊಮ್ಮೆ ಹಾಲು. ಬಾಗಿಲು ತೆರೆದೊಡನೆ ಮರಿಗಳು ಓಡಿಬಂದು ಕೊಳವೆಯಿಂದ ಹಾಲು ಕುಡಿದು, ಇನ್ನೂ ಬೇಕೆಂದು ಹಟಮಾಡಿ, ದಬ್ಬಿಸಿಕೊಂಡು ಹಿಂತಿರುಗುತ್ತವೆ. ಸಂದರ್ಶಕರು ದೂರದ ಕಟ್ಟೆಯಲ್ಲಿ ಕುಳಿತು ನೋಡಬೇಕು, ಮುಟ್ಟುವಂತಿಲ್ಲ. ಸಾಕುವವರೂ ಬೇಕಾದುದಕ್ಕಿಂತ ಹೆಚ್ಚು ಸಲಿಗೆ ಬೆಳೆಸುವುದಿಲ್ಲ. ಏಕೆಂದರೆ ಸುಮಾರು ಐದು ವರ್ಷ ತುಂಬಿದ ಮೇಲೆ ಅವುಗಳನ್ನು ಗುಂಪಾಗಿ ಕಾಡಿಗೆ ಬಿಡಬೇಕು. 1998ರಿಂದ ಹೀಗೆ ಕಾಡು ಸೇರಿದ ಆನೆಗಳು ನೂರಕ್ಕೂ ಹೆಚ್ಚು. ಹಾಲೂಡಿಸಿದ ಕೈಯೇ ಅಗಲಿಕೆಗೂ ಸಿದ್ಧವಾಗಿರುವುದನ್ನು ಕಂಡು, ಮುಂದಿನ ವರ್ಷ ಮಗಳನ್ನು ಕಾಲೇಜಿಗೆಂದು ಪರಸ್ಥಳಕ್ಕೆ ಕಳುಹಿಸಬೇಕಾದ ನನಗೆ ಕಣ್ಣು ತುಂಬಿತು.

ಹೋಗಬಯಸುವವರಿಗೆ

ಸಸ್ಯಾಹಾರಿಗಳಿಗೆ ಶ್ರೀಲಂಕೆ ಕಷ್ಟದ ನಾಡಲ್ಲ. ಆದರೆ ‘ಉಂಬಲಕಡ’ ಎಂಬ ಒಣಮೀನಿನ ಪುಡಿಯನ್ನು ತೆಂಗಿನ ಚಟ್ನಿಗೂ ಪಲ್ಯಗಳಿಗೂ ಬೆರೆಸುವ ವಾಡಿಕೆಯಿದೆ. ಮೊದಲೇ ವಿಚಾರಿಸಿ, ಬೇಡವೆಂದು ಸ್ಪಷ್ಟವಾಗಿ ಹೇಳಬೇಕು. ಆಪ್ಪ, ಇಂದಿಆಪ್ಪ, ತೆಂಗಿನ ರೊಟ್ಟಿ, ಬೇಳೆಯ ‘ಪರಿಪ್ಪು’, ನಮ್ಮ ಒಂದೆಲಗವೇ ಆದ ಗೊಟುಕೊಲ ಎಲ್ಲೆಡೆ ಸಿಗುತ್ತವೆ. ದಕ್ಷಿಣದ ರಸ್ತೆಗಳಲ್ಲಿ ಮಣ್ಣಿನ ಗಡಿಗೆಯ ಎಮ್ಮೆ ಮೊಸರನ್ನು ಬೈನೆ ಮರದ ಕಾಕಂಬಿಯೊಡನೆ ಮಾರುತ್ತಾರೆ, ಅದನ್ನು ಬಿಡಬಾರದು. ಬೆಟ್ಟದ ರಸ್ತೆಗಳಲ್ಲಿ ಗಂಟೆಗೆ ಮೂವತ್ತು ನಲವತ್ತು ಕಿಲೋಮೀಟರಿಗಿಂತ ಹೆಚ್ಚು ಸಾಗದು. ದಿನಕ್ಕೆ ನೂರೈವತ್ತು ಕಿಲೋಮೀಟರಿಗೆ ಮೀರಿ ಯೋಜಿಸದಿದ್ದರೆ ವೃದ್ಧರಿಗೂ ಮಕ್ಕಳಿಗೂ ಆಯಾಸವಾಗದು. 2025ರ ನವೆಂಬರಿನ ದಿತ್ವಾ ಚಂಡಮಾರುತವು ಬೆಟ್ಟದ ಸೀಮೆಯ ರಸ್ತೆ ರೈಲುಗಳಿಗೂ ಜನಜೀವನಕ್ಕೂ ಭಾರಿ ಹಾನಿ ಮಾಡಿತು. ಆದುದರಿಂದ ದಾರಿಯ ಸ್ಥಿತಿಯನ್ನೂ ವೀಸಾ ನಿಯಮಗಳನ್ನೂ ಹೊರಡುವ ಮುನ್ನ ತಿಳಿದುಕೊಳ್ಳುವುದು ಅಗತ್ಯ.

ಪ್ರವಾಸಕ್ಕೆ ಕಡಲು ದಾಟಲೇಬೇಕೆಂದಿಲ್ಲ. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ಭಾರತದ ಬೇರಾವ ರಾಜ್ಯದಲ್ಲಿಯೂ ಅಷ್ಟಿರಲಿಲ್ಲ. ಕೊಡಗು, ಹಾಸನಗಳ ತೋಟಗಳಲ್ಲಿ ಆನೆಗೂ ಮನುಷ್ಯನಿಗೂ ನಡೆದಿರುವ ಸಂಘರ್ಷ ನಮಗೆ ಹೊಸದಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ ಸಂಚಾರವನ್ನು ನಿಷೇಧಿಸಿದಾಗ ಗೊಣಗಿದವರು ಬಹಳ. ಆ ದಾರಿಯಲ್ಲಿ ಹಗಲು ಹೋಗುವ ನಮ್ಮವರೇ ಗಾಡಿ ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು, ಜಿಂಕೆಗಳಿಗೆ ಚುರುಮುರಿ ಎಸೆಯುವುದನ್ನು ನೋಡುತ್ತೇವೆ. ಖಾಲಿಯಾದ ಪ್ಲಾಸ್ಟಿಕ್ ಚೀಲವೂ ಅಲ್ಲಿಯೇ ಬೀಳುತ್ತದೆ. ಶರಣರು ಬೋಧಿಸಿದ ಕರುಣೆಯು ಇರುವೆ ಮೊದಲು ಆನೆ ಕಡೆಯಾಗಿ ಎಲ್ಲ ಜೀವಿಗಳನ್ನೂ ಒಳಗೊಂಡುದು. ಊರಿನ ಆಕಳಿಗೆ ಅದು ಒಂದು ತುತ್ತಾಗಿ ಸಲ್ಲಬಹುದು. ಕಾಡಿನ ಪ್ರಾಣಿಗೆ ಅಂತರವಾಗಿಯೇ ಸಲ್ಲಬೇಕು. ಈ ರಜೆಯಲ್ಲಿ ಕಾಡುದಾರಿಯಲ್ಲಿ ಹೊರಡುವ ತಂದೆ ತಾಯಿಗಳು, ಮಕ್ಕಳ ಕೈಯಲ್ಲಿ ಬಿಸ್ಕತ್ತಿನ ಬದಲು ಒಂದು ಟಿಪ್ಪಣಿ ಪುಸ್ತಕವನ್ನು ಕೊಟ್ಟು, ಕಂಡ ಜೀವಿಗಳ ಹೆಸರನ್ನು ಬರೆದುಕೊಳ್ಳಲು ಹೇಳಿದರೆ ಅಷ್ಟೇ ಸಾಕು.